ಗಡಿ ದಾಟುವ ಜ್ಞಾನಜಾಲಗಳು: ಓದುಗರ ಪ್ರಶ್ನೆಗಳಿಗೆ ಉತ್ತರ

ವಿಶ್ವವಿದ್ಯಾಲಯಗಳನ್ನೂ ಪ್ರಯೋಗಾಲಯಗಳನ್ನೂ ದೇಶದೇಶಗಳ ನಡುವೆ ಬೆಸೆಯುವ ಸಂಶೋಧನಾ ಮತ್ತು ಶೈಕ್ಷಣಿಕ ಕಂಪ್ಯೂಟರ್ ಜಾಲಗಳ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಈ ಸಂಚಿಕೆಗೆ ಆರಿಸಿಕೊಳ್ಳಲಾಗಿದೆ. ಒಂದೇ ಆಶಯದ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಉತ್ತರಿಸಲಾಗಿದೆ.

ಪ್ರಶ್ನೆ: ಇಂಟರ್ನೆಟ್ ಎಲ್ಲೆಡೆ ಸಿಗುತ್ತಿರುವಾಗ ಸಂಶೋಧಕರಿಗೆ ಬೇರೆಯದೇ ಜಾಲ ಏಕೆ ಬೇಕು? ಸಾರ್ವಜನಿಕ ಹಣದಲ್ಲಿ ಇನ್ನೊಂದು ಇಂಟರ್ನೆಟ್ ಕಟ್ಟುವುದು ದುಂದುವೆಚ್ಚವಲ್ಲವೇ?

ಉತ್ತರ: ಈ ಜಾಲಗಳಲ್ಲಿ ಹರಿಯುವುದೂ ಇಂಟರ್ನೆಟ್ ಪ್ಯಾಕೆಟ್‌ಗಳೇ, ಅಂದರೆ ದತ್ತಾಂಶದ ಸಣ್ಣ ತುಣುಕುಗಳೇ. ಪ್ರೊಟೊಕಾಲ್‌ಗಳು, ಅಂದರೆ ಕಂಪ್ಯೂಟರುಗಳು ಪರಸ್ಪರ ಮಾತಾಡುವ ನಿಯಮಗಳು, ಅವೇ, ಎಷ್ಟೋ ಕಡೆ ಕೇಬಲ್ ಕೂಡ ಖಾಸಗಿ ಕಂಪನಿಗಳದ್ದೇ. ವ್ಯತ್ಯಾಸವಿರುವುದು ಸಾಮರ್ಥ್ಯವನ್ನು ಯಾವ ಲೆಕ್ಕದಲ್ಲಿ ಕಾಯ್ದಿಡಲಾಗುತ್ತದೆ ಎಂಬುದರಲ್ಲಿ. ವಾಣಿಜ್ಯ ಸೇವಾದಾತರು ಲಕ್ಷಾಂತರ ಗ್ರಾಹಕರ ಸಣ್ಣಪುಟ್ಟ ಬಳಕೆಯ ಸರಾಸರಿಯನ್ನು ನೆಚ್ಚಿಕೊಂಡು ಜಾಲವನ್ನು ರೂಪಿಸುತ್ತಾರೆ; ಎಲ್ಲರೂ ಒಂದೇ ಗಳಿಗೆಯಲ್ಲಿ ಪೂರ್ಣ ವೇಗವನ್ನು ಕೇಳುವುದಿಲ್ಲ ಎಂಬ ಭರವಸೆಯ ಮೇಲೆ ಅವರ ವ್ಯವಹಾರ ನಿಂತಿದೆ. ಸಂಶೋಧನೆಯ ದತ್ತಾಂಶ ಹಾಗೆ ವರ್ತಿಸುವುದಿಲ್ಲ. ಒಂದೇ ಪ್ರಯೋಗಾಲಯದ ಒಂದೇ ಕಡತ ಗಂಟೆಗಟ್ಟಲೆ ಇಡೀ ಸಂಪರ್ಕವನ್ನು ತುಂಬಿಕೊಂಡು ಹರಿಯಬಹುದು. ಒಂದು ಟೆರಾಬೈಟ್ ದತ್ತಾಂಶವನ್ನು ಸೆಕೆಂಡಿಗೆ 10 ಮೆಗಾಬಿಟ್ ವೇಗದಲ್ಲಿ ಕಳುಹಿಸಲು ಒಂಬತ್ತು ದಿನಕ್ಕೂ ಹೆಚ್ಚು ಬೇಕು. 10 ಗಿಗಾಬಿಟ್ ವೇಗವಿದ್ದರೆ ಹದಿನಾಲ್ಕು ನಿಮಿಷದೊಳಗೆ ಮುಗಿಯುತ್ತದೆ. ಇಂಥ ಹರಿವು ಯಾವಾಗ ಬಂದರೂ ಜಾಗವಿರಲಿ ಎಂದು ಈ ಜಾಲಗಳು ದಿನನಿತ್ಯದ ಬಳಕೆಗಿಂತ ಬಹಳ ಹೆಚ್ಚಿನ ಸಾಮರ್ಥ್ಯವನ್ನು ಉದ್ದೇಶಪೂರ್ವಕವಾಗಿ ಖಾಲಿ ಇಟ್ಟುಕೊಳ್ಳುತ್ತವೆ.

ಎರಡನೆಯ ಕಾರಣ ಇದಕ್ಕಿಂತ ಸೂಕ್ಷ್ಮವಾದದ್ದು, ಮತ್ತು ಅಂತರರಾಷ್ಟ್ರೀಯ ಸಹಕಾರದ ಅಗತ್ಯ ಅಲ್ಲಿಯೇ ಅತ್ಯಂತ ಸ್ಪಷ್ಟವಾಗಿ ಕಾಣುತ್ತದೆ. ಬೆಳಕು ಆಪ್ಟಿಕಲ್ ಫೈಬರ್‌ನಲ್ಲಿ ಒಂದು ಮಿಲಿಸೆಕೆಂಡಿಗೆ ಸುಮಾರು 200 ಕಿಲೋಮೀಟರ್ ಸಾಗುತ್ತದೆ; ಆದ್ದರಿಂದ 10,000 ಕಿಲೋಮೀಟರ್ ಉದ್ದದ ದಾರಿಯಲ್ಲಿ ಸಂದೇಶ ಹೋಗಿ ಅದರ ಸ್ವೀಕೃತಿ ಮರಳಲು ಕನಿಷ್ಠ 100 ಮಿಲಿಸೆಕೆಂಡು ಬೇಕು. ಆ ದಾರಿಯಲ್ಲಿ 10 ಗಿಗಾಬಿಟ್ ವೇಗ ಉಳಿಯಬೇಕಾದರೆ ಯಾವುದೇ ಕ್ಷಣದಲ್ಲಿ 125 ಮೆಗಾಬೈಟ್ ದತ್ತಾಂಶ ಸ್ವೀಕೃತಿಯನ್ನು ಕಾಯುತ್ತ ಪ್ರಯಾಣದಲ್ಲಿ ಇರಲೇಬೇಕು. ನಡುವೆ ಒಂದು ಪ್ಯಾಕೆಟ್ ಕಳೆದುಹೋದರೆ, ಇಂಟರ್ನೆಟ್‌ನಲ್ಲಿ ದತ್ತಾಂಶವನ್ನು ತಲುಪಿಸುವ ಪ್ರೊಟೊಕಾಲ್ ಆದ ಟಿಸಿಪಿಯ ಸಾಂಪ್ರದಾಯಿಕ ಕ್ರಮದಲ್ಲಿ, ಕಳುಹಿಸುವ ಕಂಪ್ಯೂಟರ್ ದಾರಿಯಲ್ಲಿ ದಟ್ಟಣೆಯಿದೆಯೆಂದು ಭಾವಿಸಿ ತನ್ನ ವೇಗವನ್ನು ಅರ್ಧಕ್ಕೆ ಇಳಿಸುತ್ತದೆ. ಆಮೇಲೆ ಸಂದೇಶ ಹೋಗಿ ಸ್ವೀಕೃತಿ ಮರಳುವ ಪ್ರತಿ ಸುತ್ತಿಗೂ ಒಂದೊಂದೇ ಹೆಜ್ಜೆ ಏರುತ್ತದೆ. ಒಂದೇ ಊರಿನೊಳಗೆ ಒಂದು ಸುತ್ತು ಕಣ್ಣುಮಿಟುಕುವುದಕ್ಕೂ ಮೊದಲೇ ಮುಗಿಯುವುದರಿಂದ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಖಂಡಗಳ ನಡುವೆಯಾದರೆ ಹತ್ತಾರು ಸಾವಿರ ಪ್ಯಾಕೆಟ್‌ಗಳಲ್ಲಿ ಒಂದು ಕಳೆದರೂ ಸಾಕು, ದುಬಾರಿ ಸಂಪರ್ಕವೊಂದು ಅದರ ಸಾಮರ್ಥ್ಯದ ಸಣ್ಣ ಪಾಲಿಗೆ ಕುಸಿಯುತ್ತದೆ.

ಆ ಒಂದು ಪ್ಯಾಕೆಟ್ ಎಲ್ಲಿ ಕಳೆಯಿತು? ದತ್ತಾಂಶ ಹೊರಟ ಪ್ರಯೋಗಾಲಯದಲ್ಲಿಯೋ, ಅದರ ದೇಶದ ಜಾಲದಲ್ಲಿಯೋ, ಸಾಗರ ದಾಟುವ ಕೊಂಡಿಯಲ್ಲಿಯೋ, ತಲುಪಬೇಕಾದ ವಿಶ್ವವಿದ್ಯಾಲಯದ ಫೈರ್‌ವಾಲ್‌ನಲ್ಲಿಯೋ? ಒಂದೇ ದಾರಿಯಲ್ಲಿ ಐದಾರು ಸಂಸ್ಥೆಗಳ ಉಪಕರಣಗಳಿರುತ್ತವೆ, ಇನ್ನೊಬ್ಬರ ರೌಟರ್ ಅನ್ನು ತೆರೆದು ನೋಡುವ ಅಧಿಕಾರ ಯಾರಿಗೂ ಇರುವುದಿಲ್ಲ. ಇದಕ್ಕಾಗಿ ಅಮೆರಿಕದ ಇಎಸ್‌ನೆಟ್ ಮತ್ತು ಇಂಟರ್ನೆಟ್2, ಯುರೋಪಿನ ಜಿಯಾಂಟ್ ಮೊದಲಾದ ಜಾಲಗಳು ಕೂಡಿ ಪರ್ಫ್‌ಸೋನಾರ್ ಎಂಬ ಮುಕ್ತ ಮಾಪನ ತಂತ್ರಾಂಶವನ್ನು ಬೆಳೆಸಿದವು. ಪ್ರತಿ ಜಾಲವೂ ತನ್ನ ಗಡಿಗಳಲ್ಲಿ ಮಾಪನ ಯಂತ್ರವನ್ನಿಟ್ಟು, ತನ್ನ ಫಲಿತಾಂಶವನ್ನು ಇತರರಿಗೆ ತೆರೆದಿಡುತ್ತದೆ. ತನ್ನಲ್ಲಿರುವ ದೋಷವನ್ನು ಹೊರಗಿನವರು ನೋಡಲು ಅನುಮತಿಸುವುದು ವಾಣಿಜ್ಯ ಜಾಲಗಳಲ್ಲಿ ಅಪರೂಪ. ಸಂಶೋಧನಾ ಜಾಲಗಳು ಅದನ್ನು ರೂಢಿಯಾಗಿಸಿಕೊಂಡಿವೆ. ದುಂದುವೆಚ್ಚದ ಪ್ರಶ್ನೆಗೆ ನನ್ನ ಉತ್ತರ ಇದೇ: ಇಲ್ಲಿ ಸಾರ್ವಜನಿಕ ಹಣ ಕೊಳ್ಳುತ್ತಿರುವುದು ಬ್ಯಾಂಡ್‌ವಿಡ್ತ್ ಮಾತ್ರವಲ್ಲ, ದೇಶಗಳ ಎಂಜಿನಿಯರುಗಳ ನಡುವಿನ ಈ ತೆರೆದ ವ್ಯವಹಾರವನ್ನೂ ಹೌದು. ಜಿನೀವಾ ಬಳಿಯ ಕಣಭೌತಶಾಸ್ತ್ರ ಸಂಶೋಧನಾ ಕೇಂದ್ರ ಸರ್ನ್‌ನ ಲಾರ್ಜ್ ಹೇಡ್ರಾನ್ ಕೊಲೈಡರ್ ಎಂಬ ಕಣವೇಗವರ್ಧಕದ ದತ್ತಾಂಶವನ್ನು ನಲವತ್ತಕ್ಕೂ ಹೆಚ್ಚು ದೇಶಗಳ ಸುಮಾರು 170 ಗಣಕ ಕೇಂದ್ರಗಳು ಹಂಚಿಕೊಂಡು ವಿಶ್ಲೇಷಿಸುತ್ತಿರುವುದು ಇದರ ಬಲದಿಂದಲೇ.

ಪ್ರಶ್ನೆ: ಬೇರೆ ಬೇರೆ ದೇಶಗಳ ಜಾಲಗಳು ಮೊದಲು ಒಂದಕ್ಕೊಂದು ಸೇರಿದ್ದು ಹೇಗೆ? ಅದು ಯಾರ ತೀರ್ಮಾನವಾಗಿತ್ತು?

ಉತ್ತರ: ಯಾವುದೋ ಸಮ್ಮೇಳನದಲ್ಲಿ ಯಾರೋ ತೀರ್ಮಾನಿಸಿ ನಡೆದ ಕೆಲಸ ಇದಲ್ಲ. ಅಮೆರಿಕದಲ್ಲಿ 1969ರಲ್ಲಿ ಆರಂಭವಾದ ಅರ್ಪಾನೆಟ್ 1973ರಲ್ಲಿ ಅಟ್ಲಾಂಟಿಕ್ ಸಾಗರವನ್ನು ದಾಟಿತು. ಅಣ್ವಸ್ತ್ರ ಪರೀಕ್ಷೆಗಳ ಕಂಪನಗಳನ್ನು ಗುರುತಿಸುತ್ತಿದ್ದ ನಾರ್ವೆಯ ನಾರ್ಸಾರ್ ಎಂಬ ಭೂಕಂಪ ಮಾಪನ ಕೇಂದ್ರ ಆಗಲೇ ಅಮೆರಿಕದೊಡನೆ ಸಂಪರ್ಕ ಹೊಂದಿತ್ತು. ಜಾಲ ಅಲ್ಲಿಗೆ ಬಂದು, ಅಲ್ಲಿಂದ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಪೀಟರ್ ಕರ್ಸ್ಟೀನ್ ಅವರ ತಂಡವನ್ನು ತಲುಪಿತು. ಸೆಕೆಂಡಿಗೆ 9.6 ಕಿಲೋಬಿಟ್ ವೇಗದ ಆ ಎಳೆಯ ಮೂಲಕ ಬ್ರಿಟನ್ನಿನ ಸಂಶೋಧಕರು ಅಮೆರಿಕದ ಕಂಪ್ಯೂಟರುಗಳನ್ನು ಬಳಸತೊಡಗಿದರು.

ಮುಂದಿನ ದಶಕದಲ್ಲಿ ಜಾಲಗಳು ಹೆಚ್ಚಿದವು, ಆದರೆ ಒಂದರ ಭಾಷೆ ಇನ್ನೊಂದಕ್ಕೆ ತಿಳಿಯದಂತೆ ಹೆಚ್ಚಿದವು. ನ್ಯೂಯಾರ್ಕ್ ನಗರ ವಿಶ್ವವಿದ್ಯಾಲಯ ಮತ್ತು ಯೇಲ್ ವಿಶ್ವವಿದ್ಯಾಲಯಗಳ ನಡುವೆ 1981ರಲ್ಲಿ ಹುಟ್ಟಿದ ಬಿಟ್‌ನೆಟ್ ಐಬಿಎಂ ಯಂತ್ರಗಳ ಕ್ರಮವನ್ನು ಅನುಸರಿಸುತ್ತಿತ್ತು. ಅದರ ಯುರೋಪಿನ ಜೊತೆಗಾರ ಇಎಆರ್‌ಎನ್ ಕೂಡ ಐಬಿಎಂ ನೆರವಿನಿಂದಲೇ ನಡೆಯಿತು. ಬ್ರಿಟನ್ನಿನ ಜಾನೆಟ್ 1984ರಲ್ಲಿ ತನ್ನದೇ ಪ್ರೊಟೊಕಾಲ್‌ಗಳೊಂದಿಗೆ ಬಂತು. ಭಾರತದ ಎರ್ನೆಟ್ 1986ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನೊಂದಿಗೆ ಆರಂಭವಾಯಿತು. ಒಂದು ದೇಶದಿಂದ ಇನ್ನೊಂದಕ್ಕೆ ಇಮೇಲ್ ಹೋಗಬೇಕಾದರೆ ನಡುವಿನ ಗೇಟ್‌ವೇ ಯಂತ್ರಗಳು ಅದನ್ನು ಒಂದು ರೂಪದಿಂದ ಇನ್ನೊಂದಕ್ಕೆ ಬದಲಿಸುತ್ತ ಸಾಗಬೇಕಿತ್ತು; ವಿಳಾಸವನ್ನು ಬರೆಯುವುದೇ ಒಂದು ವಿದ್ಯೆಯಾಗಿತ್ತು.

ಯಾವ ಪ್ರೊಟೊಕಾಲ್ ಎಲ್ಲರಿಗೂ ಸಾಮಾನ್ಯವಾಗಬೇಕು ಎಂಬ ವಾದ ಆ ವರ್ಷಗಳನ್ನು ಆವರಿಸಿಕೊಂಡಿತ್ತು. ಯುರೋಪಿನ ಸರ್ಕಾರಗಳು, ಮತ್ತು 1986ರಲ್ಲಿ ಸ್ಥಾಪನೆಯಾದ ರೇರ್ ಎಂಬ ಅಲ್ಲಿನ ಜಾಲಗಳ ಒಕ್ಕೂಟ, ಅಂತರರಾಷ್ಟ್ರೀಯ ಮಾನಕ ಸಂಸ್ಥೆ ರೂಪಿಸುತ್ತಿದ್ದ ಓಎಸ್‌ಐ ಎಂಬ ಪ್ರೊಟೊಕಾಲ್ ಮಾದರಿಯ ಪರವಾಗಿದ್ದವು. ಅವರನ್ನು ಬರಿಯ ಹಠಮಾರಿಗಳೆಂದು ಇಂದು ಬಣ್ಣಿಸುವುದು ನ್ಯಾಯವಲ್ಲ. ಒಂದು ಕಂಪನಿಯಾಗಲಿ ಒಂದು ದೇಶವಾಗಲಿ ಎಲ್ಲರ ಸಂವಹನದ ನಿಯಮವನ್ನು ನಿರ್ಧರಿಸಬಾರದು ಎಂಬ ಅವರ ಆತಂಕ ನಿಜವಾದದ್ದು. ಆದರೆ ಓಎಸ್‌ಐ ಬಹುಮಟ್ಟಿಗೆ ಕಾಗದದ ಮೇಲೆ ಉಳಿಯಿತು, ಅಮೆರಿಕದಲ್ಲಿ ರೂಪುಗೊಂಡ, ಇಂದಿನ ಇಂಟರ್ನೆಟ್‌ಗೆ ಆಧಾರವಾದ ಟಿಸಿಪಿ/ಐಪಿ ಆಗಲೇ ಓಡುತ್ತಿತ್ತು. ಆಮ್‌ಸ್ಟರ್‌ಡ್ಯಾಮ್‌ನ ಸಿಡಬ್ಲ್ಯುಐ ಎಂಬ ಗಣಿತ ಮತ್ತು ಗಣಕವಿಜ್ಞಾನ ಸಂಶೋಧನಾ ಸಂಸ್ಥೆ 1988ರ ನವೆಂಬರಿನಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಜಾಲವಾದ ಎನ್‌ಎಸ್‌ಎಫ್‌ನೆಟ್‌ಗೆ ಸೇರಿತು. ಅದರ ಬೆನ್ನಿಗೇ ನಾರ್ಡಿಕ್ ದೇಶಗಳ ನಾರ್ಡುನೆಟ್ ಸೇರಿತು. 1989ರಲ್ಲಿ ಆಸ್ಟ್ರೇಲಿಯಾ ಸೆಕೆಂಡಿಗೆ 56 ಕಿಲೋಬಿಟ್ ವೇಗದ ಉಪಗ್ರಹ ಕೊಂಡಿಯಿಂದ ಹವಾಯಿಯ ಮೂಲಕ ಬಂತು. ಅದೇ ವರ್ಷ ಯುರೋಪಿನ ಐಪಿ ಜಾಲಗಳನ್ನು ನಡೆಸುತ್ತಿದ್ದವರು ರೈಪ್ ಎಂಬ ಹೆಸರಿನಲ್ಲಿ, ಔಪಚಾರಿಕ ಸಂಸ್ಥೆಯೂ ಇಲ್ಲದೆ, ಒಟ್ಟು ಸೇರಿ ಕೆಲಸ ಆರಂಭಿಸಿದರು.

ಕೊಂಡಿಗಳು ಹೆಚ್ಚಿದಂತೆ ಹೊಸ ತೊಡಕು ತಲೆದೋರಿತು. ಎನ್‌ಎಸ್‌ಎಫ್‌ನೆಟ್ ಸಂಶೋಧನೆ ಮತ್ತು ಶಿಕ್ಷಣಕ್ಕೆ ಮಾತ್ರ ಮೀಸಲಾಗಿತ್ತು. ಇತರ ದೇಶಗಳ ಜಾಲಗಳಿಗೆ ಬೇರೆ ನಿಯಮಗಳಿದ್ದವು. ಎರಡು ದೇಶಗಳ ನಡುವಿನ ಪ್ಯಾಕೆಟ್ ಮೂರನೆಯ ದೇಶದ ಜಾಲವನ್ನು ಹಾದುಹೋದಾಗ ಯಾರ ನಿಯಮ ಅನ್ವಯಿಸಬೇಕು? ಒಂದೇ ಸಾಗರಕ್ಕೆ ಭೌತಶಾಸ್ತ್ರಜ್ಞರು ಒಂದು, ಬಾಹ್ಯಾಕಾಶ ವಿಜ್ಞಾನಿಗಳು ಇನ್ನೊಂದು ಬಾಡಿಗೆ ಕೊಂಡಿ ಹಾಕಿಕೊಂಡು ಹಣ ಸುರಿಯುವುದನ್ನು ತಪ್ಪಿಸುವುದು ಹೇಗೆ? ಇಂಥ ವಿಷಯಗಳನ್ನು ಮಾತಾಡಿ ಬಗೆಹರಿಸಲು 1980ರ ದಶಕದ ಕೊನೆಯಲ್ಲಿ ಅಮೆರಿಕ ಮತ್ತು ಯುರೋಪಿನ ಜಾಲಗಳ ಪ್ರತಿನಿಧಿಗಳು ಖಂಡಾಂತರ ಸಂಶೋಧನಾ ಜಾಲಗಳ ಸಮನ್ವಯ ಸಮಿತಿಯನ್ನು ರಚಿಸಿಕೊಂಡರು. ಏಷ್ಯಾ ಪೆಸಿಫಿಕ್ ಪ್ರದೇಶದ ಪ್ರತಿನಿಧಿಗಳು ಆಮೇಲೆ ಬಂದರು. ಸಿಸಿಐಆರ್‌ಎನ್ ಎಂದು ಕರೆಯಲಾಗುತ್ತಿದ್ದ ಈ ಸಮಿತಿಗೆ ಯಾರನ್ನೂ ಬಲವಂತಪಡಿಸುವ ಅಧಿಕಾರವಿರಲಿಲ್ಲ. ಆದರೂ ಅದರ ಸಭೆಗಳಿಂದ ಎದ್ದು ಹೋದವರು ತಮ್ಮ ತಮ್ಮ ದೇಶದಲ್ಲಿ ಹಣ ಮತ್ತು ಎಂಜಿನಿಯರುಗಳನ್ನು ನಿರ್ದೇಶಿಸಬಲ್ಲವರಾಗಿದ್ದರಿಂದ, ಅಲ್ಲಿ ಒಪ್ಪಿದ್ದು ಕಾರ್ಯರೂಪಕ್ಕೆ ಬರುತ್ತಿತ್ತು. ಇಂದು ನಾವು ಸಹಜವೆಂದು ಬಗೆಯುವ ಜಾಗತಿಕ ಇಂಟರ್ನೆಟ್ ತನ್ನ ಎಳೆಯ ವಯಸ್ಸಿನಲ್ಲಿ ಇಂಥ ಸ್ವಯಂಪ್ರೇರಿತ ಒಪ್ಪಂದಗಳ ಮೇಲೆ ನಿಂತಿತ್ತು ಎಂಬುದನ್ನು ಇತಿಹಾಸದ ಪಠ್ಯಗಳು ಹೇಳಲೇಬೇಕು.

ಪ್ರಶ್ನೆ: ಈಗಲಾದರೂ ಇದಕ್ಕೆ ಒಂದು ಅಂತರರಾಷ್ಟ್ರೀಯ ಒಡಂಬಡಿಕೆಯೋ ಕೇಂದ್ರ ಕಚೇರಿಯೋ ಇದೆಯೇ?

ಉತ್ತರ: ಇಲ್ಲ. ಸಾಮಾನ್ಯವಾಗಿ ಪ್ರತಿ ದೇಶಕ್ಕೆ ಒಂದು ರಾಷ್ಟ್ರೀಯ ಜಾಲ, ಅವುಗಳ ಮೇಲೆ ಪ್ರಾದೇಶಿಕ ಒಕ್ಕೂಟಗಳು, ಒಕ್ಕೂಟಗಳ ನಡುವೆ ಪರಸ್ಪರ ಒಪ್ಪಂದಗಳು: ವ್ಯವಸ್ಥೆ ಇಷ್ಟೇ. ಯುರೋಪಿನಲ್ಲಿ ಜಿಯಾಂಟ್, ಲ್ಯಾಟಿನ್ ಅಮೆರಿಕದಲ್ಲಿ ರೆಡ್‌ಕ್ಲಾರಾ, ಏಷ್ಯಾ ಪೆಸಿಫಿಕ್‌ನಲ್ಲಿ 1997ರಲ್ಲಿ ಸ್ಥಾಪನೆಯಾದ ಎಪಾನ್, ಆಫ್ರಿಕದ ಪೂರ್ವ ಮತ್ತು ದಕ್ಷಿಣಕ್ಕೆ ಉಬುಂಟುನೆಟ್, ಪಶ್ಚಿಮ ಮತ್ತು ಮಧ್ಯಕ್ಕೆ ವಾಕ್ರೆನ್, ಅರಬ್ ದೇಶಗಳಿಗೆ ಅಸ್ರೆನ್ ಇವೆ.

ಪ್ರಶ್ನೆ: ಸಾಗರದಾಚೆಗಿನ ಸಂಪರ್ಕದ ವೆಚ್ಚವನ್ನು ಯಾರು ಕೊಡುತ್ತಾರೆ? ಬಡ ದೇಶಗಳಿಗೂ ಶ್ರೀಮಂತ ದೇಶಗಳಿಗೂ ಸಮಾನ ಹೊರೆಯೇ?

ಉತ್ತರ: ಹಳೆಯ ದೂರಸಂಪರ್ಕ ಪದ್ಧತಿಯಲ್ಲಿ ಅಂತರರಾಷ್ಟ್ರೀಯ ಸಂಪರ್ಕವನ್ನು ಎರಡು ಅರ್ಧ ಸರ್ಕ್ಯೂಟುಗಳಾಗಿ ಮಾರಲಾಗುತ್ತಿತ್ತು, ಕಾಲ್ಪನಿಕ ನಡುಬಿಂದುವಿನವರೆಗೆ ಒಂದು ದೇಶದ ಸಂಸ್ಥೆಯ ದರ, ಅದರಾಚೆಗೆ ಇನ್ನೊಂದು ದೇಶದ ಸಂಸ್ಥೆಯ ದರ. ಎರಡೂ ಬದಿಯವರು ಅರ್ಧರ್ಧ ಕೊಟ್ಟರೆ ಅದು ನ್ಯಾಯವೆಂದು ತೋರುತ್ತದೆ. ಆದರೆ ವಾಸ್ತವದಲ್ಲಿ ದತ್ತಾಂಶವೂ ಸೂಪರ್‌ಕಂಪ್ಯೂಟರುಗಳೂ ಅಮೆರಿಕ ಮತ್ತು ಯುರೋಪಿನಲ್ಲಿ ಕೇಂದ್ರೀಕೃತವಾಗಿದ್ದರಿಂದ, ಸೇರಬಯಸಿದ ದೂರದ ದೇಶವೇ ಅನೇಕ ವೇಳೆ ಎರಡೂ ಅರ್ಧಗಳನ್ನು ಭರಿಸಬೇಕಾಗುತ್ತಿತ್ತು. ಆ ಕೊಂಡಿಯಲ್ಲಿ ಸಂದೇಶ ಎರಡೂ ದಿಕ್ಕಿಗೆ ಹರಿಯುತ್ತಿತ್ತು, ಬಿಲ್ಲು ಮಾತ್ರ ಒಂದೇ ದಿಕ್ಕಿಗೆ ಬರುತ್ತಿತ್ತು. ಇದು ಅನ್ಯಾಯವೆಂದು ಹೇಳಲು ನನಗೆ ಸಂಕೋಚವಿಲ್ಲ.

ಅದರ ಪರಿಣಾಮ ಭೂಪಟದಲ್ಲಿಯೂ ಕಾಣುತ್ತಿತ್ತು. ಲ್ಯಾಟಿನ್ ಅಮೆರಿಕದ ಎರಡು ನೆರೆಯ ದೇಶಗಳ ವಿಶ್ವವಿದ್ಯಾಲಯಗಳ ನಡುವಿನ ಸಂದೇಶ ಅಮೆರಿಕಕ್ಕೆ ಹೋಗಿ ಮರಳುತ್ತಿತ್ತು. ಆಫ್ರಿಕದ ಎರಡು ವಿಶ್ವವಿದ್ಯಾಲಯಗಳ ಪತ್ರವ್ಯವಹಾರ ಯುರೋಪನ್ನು ಸುತ್ತಿಬರುತ್ತಿತ್ತು. ಆಫ್ರಿಕದ ಪೂರ್ವ ಕರಾವಳಿಗೆ 2009ರಲ್ಲಿ ಸೀಕಾಮ್ ಕೇಬಲ್ ಬರುವವರೆಗೂ ಅಲ್ಲಿನ ಅನೇಕ ದೇಶಗಳು ದುಬಾರಿ ಉಪಗ್ರಹ ಸಂಪರ್ಕವನ್ನೇ ಅವಲಂಬಿಸಿದ್ದವು, ಮತ್ತು ಇಡೀ ವಿಶ್ವವಿದ್ಯಾಲಯವೊಂದು ಇಂದಿನ ಒಂದು ಮನೆಗೆ ಸಿಗುವಷ್ಟು ಬ್ಯಾಂಡ್‌ವಿಡ್ತ್ ಅನ್ನು ಹಂಚಿಕೊಳ್ಳಬೇಕಿತ್ತು.

ಪರಿಹಾರ ಬಂದದ್ದು ಒಗ್ಗೂಡಿ ಕೊಳ್ಳುವುದರಿಂದ. ಒಂಟಿ ದೇಶ ಕೇಬಲ್ ಕಂಪನಿಯೊಡನೆ ಚೌಕಾಶಿ ಮಾಡುವುದಕ್ಕೂ ಹತ್ತು ದೇಶಗಳು ಒಟ್ಟಾಗಿ ದೀರ್ಘಾವಧಿಯ ಹಕ್ಕನ್ನು ಕೊಳ್ಳುವುದಕ್ಕೂ ಬಹಳ ಅಂತರವಿದೆ. ಸೋಲ್‌ನಲ್ಲಿ 2000ದಲ್ಲಿ ನಡೆದ ಏಷ್ಯಾ ಯುರೋಪ್ ಶೃಂಗಸಭೆಯ ನಿರ್ಧಾರದಂತೆ ಟೀನ್ ಯೋಜನೆ ಹುಟ್ಟಿತು; ಮರುವರ್ಷ ಕೊರಿಯಾ ಮತ್ತು ಫ್ರಾನ್ಸ್ ನಡುವೆ ಅದರ ಮೊದಲ ಕೊಂಡಿ ಬಂತು, ಆಮೇಲೆ ಐರೋಪ್ಯ ಒಕ್ಕೂಟದ ನೆರವಿನಿಂದ ಆಗ್ನೇಯ ಹಾಗೂ ದಕ್ಷಿಣ ಏಷ್ಯಾದ ದೇಶಗಳಿಗೆ ವಿಸ್ತರಿಸಿತು. ಅಂಥದೇ ನೆರವಿನಿಂದ ಲ್ಯಾಟಿನ್ ಅಮೆರಿಕದಲ್ಲಿ ರೆಡ್‌ಕ್ಲಾರಾ, 2011ರಿಂದ ಆಫ್ರಿಕದಲ್ಲಿ ಆಫ್ರಿಕಾಕನೆಕ್ಟ್ ನಡೆದವು. ಇದರಲ್ಲಿ ನಾನು ಬಹಳ ಮೆಚ್ಚುವ ಹೆಜ್ಜೆ 2021ರದ್ದು: ಪೋರ್ಚುಗಲ್ ಮತ್ತು ಬ್ರೆಜಿಲ್ ನಡುವೆ ನೇರವಾಗಿ ಹಾಸಿದ ಎಲ್ಲಾಲಿಂಕ್ ಕೇಬಲ್ಲಿನಲ್ಲಿ ಎರಡೂ ಖಂಡಗಳ ಸಂಶೋಧನಾ ಜಾಲಗಳು ಬೆಲ್ಲಾ ಯೋಜನೆಯ ಮೂಲಕ 25 ವರ್ಷಗಳ ಬಳಕೆಯ ಹಕ್ಕನ್ನು ಪಡೆದವು. ತಿಂಗಳ ಬಾಡಿಗೆಯಲ್ಲಿ ಬದುಕುವ ಜಾಲಕ್ಕೆ ಪ್ರತಿ ಆಯವ್ಯಯವೂ ಒಂದು ಗಂಡಾಂತರ. ಇಷ್ಟು ದೀರ್ಘ ಹಕ್ಕಿದ್ದರೆ ಸಂಶೋಧಕರು ಇಪ್ಪತ್ತು ವರ್ಷಗಳ ಯೋಜನೆಯನ್ನು ಧೈರ್ಯವಾಗಿ ಒಪ್ಪಿಕೊಳ್ಳಬಹುದು. ಆದರೆ ದಾನಿಯ ಅನುದಾನ ಮುಗಿದ ದಿನ ಜಾಲ ನಿಲ್ಲಬಾರದೆಂದರೆ ಆಯಾ ದೇಶದ ಸರ್ಕಾರವೂ ವಿಶ್ವವಿದ್ಯಾಲಯಗಳೂ ತಮ್ಮ ಪಾಲನ್ನು ವರ್ಷವರ್ಷವೂ ಹೆಚ್ಚಿಸಿಕೊಳ್ಳುತ್ತ ಹೋಗಬೇಕು. ಈ ಶಿಸ್ತು ಎಲ್ಲ ಕಡೆ ಬಂದಿಲ್ಲ.

ಪ್ರಶ್ನೆ: ವಿಶ್ವವಿದ್ಯಾಲಯಗಳು ಪರಸ್ಪರ ಹಂಚಿಕೊಳ್ಳುವ ಎಡುರೋಮ್ ವೈಫೈ ಇರುವ ಯಾವುದೇ ದೇಶದ ವಿಶ್ವವಿದ್ಯಾಲಯದಲ್ಲಿ ನನ್ನ ಸ್ವಂತ ಕಾಲೇಜಿನ ಪಾಸ್‌ವರ್ಡ್ ಕೆಲಸ ಮಾಡುತ್ತದೆ. ಹಾಗಾದರೆ ನನ್ನ ಪಾಸ್‌ವರ್ಡ್ ಅವರಿಗೆಲ್ಲ ತಿಳಿಯುತ್ತದೆಯೇ?

ಉತ್ತರ: ಸರಿಯಾಗಿ ಹೊಂದಿಸಿದ ಫೋನಿನಲ್ಲಿ ತಿಳಿಯುವುದಿಲ್ಲ. ನೀವು ಕೊಡುವ ಬಳಕೆದಾರ ಹೆಸರಿನಲ್ಲಿ @ ಚಿಹ್ನೆಯ ನಂತರ ಬರುವ ಭಾಗ ನಿಮ್ಮ ಸಂಸ್ಥೆ ಯಾವುದೆಂದು ಹೇಳುತ್ತದೆ. ಆತಿಥೇಯ ವಿಶ್ವವಿದ್ಯಾಲಯದ ಸರ್ವರ್ ಅದನ್ನು ಮಾತ್ರ ಓದಿ, ನಿಮ್ಮ ಕೋರಿಕೆಯನ್ನು ತನ್ನ ದೇಶದ ಸರ್ವರ್‌ಗೆ ಒಪ್ಪಿಸುತ್ತದೆ. ಅಲ್ಲಿಂದ ಆ ಕೋರಿಕೆಯನ್ನು ಜಾಗತಿಕ ಹಂತದ ಸರ್ವರ್‌ಗೆ, ಅಲ್ಲಿಂದ ನಿಮ್ಮ ದೇಶಕ್ಕೆ, ಕೊನೆಗೆ ನಿಮ್ಮ ಕಾಲೇಜಿಗೆ ತಲುಪಿಸಲಾಗುತ್ತದೆ. ಪಾಸ್‌ವರ್ಡ್ ಹೋಗುವುದು ನಿಮ್ಮ ಫೋನ್ ಮತ್ತು ನಿಮ್ಮ ಕಾಲೇಜಿನ ಸರ್ವರ್ ನಡುವೆ ಏರ್ಪಡುವ ಗೂಢಲಿಪಿಯ ಸುರಂಗದೊಳಗೆ. ನಡುವಿನವರಿಗೆ ಸಿಗುವುದು ಹೌದು ಅಥವಾ ಇಲ್ಲ ಎಂಬ ಉತ್ತರವಷ್ಟೇ. ಆದರೆ ನಿಮ್ಮ ಫೋನ್ ಕಾಲೇಜಿನ ಸರ್ವರ್ ಅಸಲಿಯೆಂದು ತೋರಿಸುವ ಡಿಜಿಟಲ್ ಪ್ರಮಾಣಪತ್ರವನ್ನು ಪರಿಶೀಲಿಸುವಂತೆ ಹೊಂದಿಸಿರಬೇಕು. ಇಲ್ಲವಾದರೆ ಅದೇ ಹೆಸರಿನ ನಕಲಿ ವೈಫೈ ಒಂದು ಪಾಸ್‌ವರ್ಡ್ ಕದಿಯಬಲ್ಲದು. ಆದ್ದರಿಂದ ಕೈಯಾರೆ ಹೊಂದಿಸುವ ಬದಲು ನಿಮ್ಮ ಸಂಸ್ಥೆ ಕೊಡುವ ಅಧಿಕೃತ ಅನುಸ್ಥಾಪಕವನ್ನೇ ಬಳಸಿರಿ.

ನೆದರ್‌ಲೆಂಡ್ಸ್‌ನ ಸರ್ಫ್‌ನೆಟ್‌ನಲ್ಲಿದ್ದ ಕ್ಲಾಸ್ ವೀರೆಂಗಾ 2002ರಲ್ಲಿ ಮುಂದಿಟ್ಟ ಈ ವಿಚಾರ ಈಗ ನೂರಕ್ಕೂ ಹೆಚ್ಚು ದೇಶಗಳಲ್ಲಿ ಜಾರಿಯಲ್ಲಿದೆ. ಇದರ ತಂತ್ರಜ್ಞಾನ ಅಷ್ಟೇನೂ ಹೊಸದಲ್ಲ. ಹೊಸದೆಂದರೆ ಅದರ ಹಿಂದಿನ ಒಪ್ಪಿಗೆ: ನಿಮ್ಮ ವಿದ್ಯಾರ್ಥಿಯನ್ನು ನೀವು ಗುರುತಿಸಿದರೆ ಸಾಕು, ನಾವು ಹಣ ಕೇಳದೆ ಒಳಗೆ ಬಿಡುತ್ತೇವೆ, ನಮ್ಮವರು ಬಂದಾಗ ನೀವೂ ಹಾಗೆಯೇ ಮಾಡಬೇಕು. ಇದೇ ನಂಬಿಕೆಯನ್ನು ಆನ್‌ಲೈನ್ ಗ್ರಂಥಾಲಯ ಮತ್ತು ದತ್ತಾಂಶ ಸೇವೆಗಳಿಗೆ ವಿಸ್ತರಿಸುವ ಎಡುಗೇನ್ 2011ರಿಂದ ನಡೆಯುತ್ತಿದೆ.

ಪ್ರಶ್ನೆ: ರಾಜಕೀಯವಾಗಿ ವಿರೋಧಿಗಳಾದ ದೇಶಗಳ ಜಾಲಗಳೂ ಸೇರಿವೆಯೇ?

ಉತ್ತರ: ಸೇರಿದ ಉದಾಹರಣೆಗಳಿವೆ. ಚೀನಾದಿಂದ ಹೊರಟ ಮೊದಲ ಇಮೇಲ್ ಬೀಜಿಂಗ್‌ನಲ್ಲಿ 1987ರ ಸೆಪ್ಟೆಂಬರ್ 14ರಂದು ಸಿದ್ಧವಾಗಿ, ತಂತ್ರಾಂಶದ ದೋಷವೊಂದನ್ನು ಸರಿಪಡಿಸಿದ ಮೇಲೆ 20ರಂದು ಜರ್ಮನಿಯ ಕಾರ್ಲ್ಸ್‌ರೂ ವಿಶ್ವವಿದ್ಯಾಲಯವನ್ನು ತಲುಪಿತು. ಶೀತಲಯುದ್ಧ ಇನ್ನೂ ಮುಗಿಯದಿದ್ದ ಆ ಕಾಲದಲ್ಲಿಯೂ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ ಚೀನಾದ ಸಂಶೋಧಕರೊಡನೆ ಇಮೇಲ್ ಸಂಪರ್ಕಕ್ಕೆ ಅದೇ ವರ್ಷ ಒಪ್ಪಿಗೆ ಕೊಟ್ಟಿತು. ಕಾಕಸಸ್ ಮತ್ತು ಮಧ್ಯ ಏಷ್ಯಾದ ಎಂಟು ದೇಶಗಳ ವಿಶ್ವವಿದ್ಯಾಲಯಗಳಿಗೆ ಹ್ಯಾಂಬರ್ಗ್‌ನ ಡೇಸಿ ಸಂಶೋಧನಾ ಕೇಂದ್ರದ ಮೂಲಕ ಉಪಗ್ರಹ ಸಂಪರ್ಕ ಒದಗಿಸಿದ ವರ್ಚುವಲ್ ಸಿಲ್ಕ್ ಹೈವೇ ಯೋಜನೆಗೆ ಹಣ ಕೊಟ್ಟದ್ದು ನೇಟೊದ ವಿಜ್ಞಾನ ವಿಭಾಗ. ಪರಸ್ಪರ ಯುದ್ಧ ಮಾಡಿದ್ದ ಅರ್ಮೇನಿಯಾ ಮತ್ತು ಅಜರ್‌ಬೈಜಾನ್ ಎರಡೂ ಅದರಲ್ಲಿದ್ದವು. ಅಮೆರಿಕ, ರಷ್ಯಾ, ಚೀನಾ ಮೂರೂ 2004ರಲ್ಲಿ ಗ್ಲೋರಿಯಾಡ್ ಎಂಬ ಜಾಲವನ್ನು ಒಟ್ಟಾಗಿ ಆರಂಭಿಸಿದವು. ಕೊಂಡಿ ಇದ್ದ ಮಾತ್ರಕ್ಕೆ ವೈರ ಅಳಿಯುತ್ತದೆಂದು ನಾನು ಹೇಳುವುದಿಲ್ಲ. ಆದರೆ ಇಂಥ ಕೊಂಡಿಯ ಎರಡೂ ತುದಿಗಳಲ್ಲಿ ಪರಸ್ಪರ ಹೆಸರು ಹಿಡಿದು ಕರೆಯಬಲ್ಲ ಎಂಜಿನಿಯರುಗಳಿರುತ್ತಾರೆ, ಅದು ಸಣ್ಣ ಸಂಗತಿಯಲ್ಲ.

ಪ್ರಶ್ನೆ: ವಿಜ್ಞಾನವನ್ನು ಬಿಟ್ಟು ಬೇರೆಯವರಿಗೆ ಇದರಿಂದ ಉಪಯೋಗವಿದೆಯೇ?

ಉತ್ತರ: ಸಂಗೀತಗಾರರಿಗಿದೆ. ಇಟಲಿಯ ತ್ರಿಯೆಸ್ತೆ ನಗರದ ತಾರ್ತಿನಿ ಸಂಗೀತ ಸಂಸ್ಥೆ, ಆ ದೇಶದ ಸಂಶೋಧನಾ ಜಾಲ ಗಾರ್ ಜೊತೆಗೂಡಿ ಲೋಲಾ ಎಂಬ ವ್ಯವಸ್ಥೆಯನ್ನು ರೂಪಿಸಿತು. ಸಾಮಾನ್ಯ ವಿಡಿಯೊ ಸಭೆಯಲ್ಲಿ ಧ್ವನಿ ತಲುಪುವ ವಿಳಂಬದಿಂದಾಗಿ ಇಬ್ಬರು ಒಂದೇ ಲಯದಲ್ಲಿ ನುಡಿಸಲಾಗುವುದಿಲ್ಲ. ದಟ್ಟಣೆಯಿಲ್ಲದ ಸಂಶೋಧನಾ ಜಾಲದಲ್ಲಿ, ಧ್ವನಿ ಮತ್ತು ಚಿತ್ರದ ದತ್ತಾಂಶವನ್ನು ಕುಗ್ಗಿಸಲು ತಗಲುವ ಸಮಯವನ್ನೂ ಉಳಿಸಿದರೆ, ಸಾವಿರಾರು ಕಿಲೋಮೀಟರ್ ದೂರದ ಕಲಾವಿದರು ಒಟ್ಟಿಗೆ ನುಡಿಸಬಹುದು. ಬೆಳಕಿನ ವೇಗ ಒಡ್ಡುವ ಮಿತಿಯಿಂದಾಗಿ ಖಂಡಾಂತರ ಜುಗಲ್‌ಬಂದಿ ಮಾತ್ರ ಕಷ್ಟ.

ಪ್ರಶ್ನೆ: ಕಪ್ಪುಕುಳಿಯ ಮೊದಲ ಚಿತ್ರಕ್ಕೆ ಬೇಕಾದ ದತ್ತಾಂಶವನ್ನು ವಿಮಾನದಲ್ಲಿ ಸಾಗಿಸಿದರಂತೆ. ಇಷ್ಟೆಲ್ಲ ಜಾಲಗಳಿದ್ದೂ ಹಾಗೇಕೆ?

ಉತ್ತರ: ನಿಜ. ಈವೆಂಟ್ ಹೊರೈಜನ್ ದೂರದರ್ಶಕ ಸಮೂಹ 2017ರ ಏಪ್ರಿಲ್‌ನಲ್ಲಿ ಆರು ಸ್ಥಳಗಳ ಎಂಟು ದೂರದರ್ಶಕಗಳಿಂದ ವೀಕ್ಷಿಸಿ ಪೇಟಾಬೈಟ್‌ಗಳಷ್ಟು (ಒಂದು ಪೇಟಾಬೈಟ್ ಎಂದರೆ ಸಾವಿರ ಟೆರಾಬೈಟ್) ದತ್ತಾಂಶವನ್ನು ಹಾರ್ಡ್‌ಡಿಸ್ಕ್‌ಗಳಲ್ಲಿ ತುಂಬಿತು. ಐದು ಪೇಟಾಬೈಟ್ ದತ್ತಾಂಶವನ್ನು 10 ಗಿಗಾಬಿಟ್ ವೇಗದಲ್ಲಿ ಎಡೆಬಿಡದೆ ಕಳುಹಿಸಿದರೂ ಒಂದೂವರೆ ತಿಂಗಳು ಬೇಕು, ಮತ್ತು ಆ ದೂರದರ್ಶಕಗಳಲ್ಲಿ ಹೆಚ್ಚಿನವು ಇರುವುದು ಎತ್ತರದ ದುರ್ಗಮ ಪ್ರದೇಶಗಳಲ್ಲಿ. ದಕ್ಷಿಣ ಧ್ರುವಕ್ಕಂತೂ ಫೈಬರ್ ಸಂಪರ್ಕವೇ ಇಲ್ಲ. ಅಲ್ಲಿನ ಡಿಸ್ಕ್‌ಗಳು ಧ್ರುವದ ಚಳಿಗಾಲ ಮುಗಿದು ವಿಮಾನ ಹಾರುವವರೆಗೆ ಕಾಯಬೇಕಾಯಿತು. ಚಿತ್ರ ಪ್ರಕಟವಾದದ್ದು 2019ರ ಏಪ್ರಿಲ್ 10ರಂದು.

ಕಾಯಲು ಸಾಧ್ಯವಿರುವ ವಿಜ್ಞಾನಕ್ಕೆ ಡಿಸ್ಕ್ ಸಾಕು. ಎಲ್ಲ ವಿಜ್ಞಾನವೂ ಕಾಯಲಾರದು. ಚಿಲಿ ದೇಶದ ಸೆರೊ ಪಚೋನ್ ಪರ್ವತದ ಮೇಲಿರುವ ವೆರಾ ರೂಬಿನ್ ವೀಕ್ಷಣಾಲಯ ಪ್ರತಿ ರಾತ್ರಿ ಸುಮಾರು 20 ಟೆರಾಬೈಟ್ ದತ್ತಾಂಶವನ್ನು ಹೊಮ್ಮಿಸುವಂತೆ ರೂಪುಗೊಂಡಿದೆ. ಆಕಾಶದಲ್ಲಿ ಯಾವುದಾದರೂ ಬಿಂದು ಹೊಳಪು ಬದಲಿಸಿದರೆ ಅಥವಾ ಸರಿದರೆ ಒಂದೆರಡು ನಿಮಿಷದೊಳಗೆ ಜಗತ್ತಿನ ಖಗೋಳಜ್ಞರಿಗೆ ಸೂಚನೆ ಹೋಗಬೇಕು. ಅದಕ್ಕಾಗಿ ಪ್ರತಿ ಚಿತ್ರವೂ ಕೆಲವೇ ಸೆಕೆಂಡುಗಳಲ್ಲಿ ಚಿಲಿಯಿಂದ ಕ್ಯಾಲಿಫೋರ್ನಿಯಾದ ಸ್ಲಾಕ್ ಪ್ರಯೋಗಾಲಯವನ್ನು ಮುಟ್ಟಬೇಕು. ಆ ದಾರಿಯನ್ನು ಒದಗಿಸುವುದರಲ್ಲಿ ಚಿಲಿಯ ರೆಯುನಾ, ಬ್ರೆಜಿಲ್‌ನ ಆರ್‌ಎನ್‌ಪಿ, ಅಮೆರಿಕದ ಆಮ್‌ಲೈಟ್ ಮತ್ತು ಇಎಸ್‌ನೆಟ್ ಪಾಲ್ಗೊಂಡಿವೆ. ಒಂದು ಕೇಬಲ್ ತುಂಡಾದರೆ ಹರಿವು ಇನ್ನೊಂದಕ್ಕೆ ತಿರುಗುವಂತೆ ಪರ್ಯಾಯ ಮಾರ್ಗಗಳನ್ನೂ ಅವು ಕಾಯ್ದಿಟ್ಟಿವೆ. ವಾರ್ಷಿಕ ಸಂಸ್ಕರಣೆಯ ಕೆಲಸವನ್ನು ಫ್ರಾನ್ಸ್‌ನ ಲಿಯೋನ್ ಕೇಂದ್ರ ಮತ್ತು ಬ್ರಿಟನ್ ಹಂಚಿಕೊಳ್ಳುವುದರಿಂದ ಅದೇ ದತ್ತಾಂಶ ಅಟ್ಲಾಂಟಿಕ್ ಸಾಗರವನ್ನೂ ದಾಟಬೇಕಾಗುತ್ತದೆ.